ಗೋಡೆಯಿಂದ ಗುಡ್ಡೆಗೆ: ಕರಾವಳಿಯ ಮನೆಗೊಂದು ಬೆಟ್ಟದ ಚಿತ್ರ

(ಕಾಸರಗೋಡಿನ ಬದಿಯಡ್ಕದಲ್ಲಿ ಛಾಯಾಗ್ರಹಣದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೆಟ್ಟದ ಚಿತ್ರ ತೆಗೆಯುವ ಬಗ್ಗೆ ಮಾತಾಡಬೇಕೆಂದು ಕರೆದಿದ್ದೀರಿ. ಆದರೆ ನಾನು ಬೆಟ್ಟದಿಂದ ಶುರು ಮಾಡುವುದಿಲ್ಲ, ನಿಮ್ಮ ಚಾವಡಿಯ ಗೋಡೆಯಿಂದ ಶುರು ಮಾಡುತ್ತೇನೆ. ಚಿತ್ರ ಚೆನ್ನಾಗಿ ಬಂದಿದೆ, ದೊಡ್ಡದು ಮಾಡಿಸಿ ಎಲ್ಲಾದರೂ ತೂಗುಹಾಕೋಣ ಎಂಬ ಕ್ರಮದಲ್ಲಿ ಹೊರಟವರಿಗೆ ಅಳತೆ ಹೊಂದುವುದಿಲ್ಲ, ಕಾಗದ ನಮ್ಮ ಹವೆಗೆ ತಾಳುವುದಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನೊಳಗೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಯಾವ ಗೋಡೆ, ಎಷ್ಟು ಅಗಲ, ಎಲ್ಲಿಂದ ನೋಡುತ್ತೇವೆ, ಯಾವ ಹಾಳೆ ಎಂಬುದು ಮೊದಲು ತೀರ್ಮಾನವಾಗಲಿ. ಗುಡ್ಡೆ ಹತ್ತುವುದು ಆಮೇಲೆ.

ಇದು ಹೊಸ ಪದ್ಧತಿಯೂ ಅಲ್ಲ. 1860ರ ದಶಕದಲ್ಲಿ ಹಿಮಾಲಯದ ಚಿತ್ರ ತೆಗೆದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೋರ್ನ್ ಆಗಲಿ, ಆಲ್ಪ್ಸ್‌ನಿಂದ ಹಿಡಿದು 1909ರಲ್ಲಿ ಕೆ2 ಶಿಖರದ ಬುಡದವರೆಗೆ ಹೋದ ಇಟಲಿಯ ವಿಟ್ಟೋರಿಯೋ ಸೆಲ್ಲಾ ಆಗಲಿ, ಫಿಲ್ಮಿನ ಜಾಗದಲ್ಲಿ ಬಳಸುತ್ತಿದ್ದ ಭಾರದ ಗಾಜಿನ ಫಲಕಗಳನ್ನು ಹೊರಿಸಿಕೊಂಡು ಹತ್ತಿದವರು. ಸೆಲ್ಲಾ ಬಳಸಿದ ದೊಡ್ಡ ಫಲಕದ ಅಳತೆ 30×40 ಸೆಂಟಿಮೀಟರ್. ಫಲಕವನ್ನು ಕಾಗದದ ಮೇಲೆಯೇ ಇಟ್ಟು ಅಚ್ಚು ತೆಗೆಯುತ್ತಿದ್ದ ಕಾಲವದು. ಫಲಕ ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಕೊನೆಯ ಚಿತ್ರದ ಗಾತ್ರ ಏನೆಂದು ತಿಳಿದೇ ಅವರು ಮನೆಯಿಂದ ಹೊರಡುತ್ತಿದ್ದರು. ಆ ಶಿಸ್ತು ಈಗಲೂ ಬೇಕು.

ಮೊದಲು ಗೋಡೆ. ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಪಶ್ಚಿಮ ಮತ್ತು ನೈಋತ್ಯದ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಎರಚಲಿಗೆ ನೆನೆಯುತ್ತವೆ. ಮುರಕಲ್ಲು ನೀರು ಹೀರುವ ಕಲ್ಲು. ಹೊರಗೆ ಗಾರೆ ಇದ್ದರೂ ಒಳಮೈ ತಣ್ಣಗಾಗಿ, ಕೋಣೆಯ ಗಾಳಿಯ ಪಸೆ ಅಲ್ಲೇ ಕೂರುತ್ತದೆ. ಅಂಥ ಗೋಡೆಗೆ ಚಿತ್ರ ಒತ್ತಿ ನಿಂತರೆ ಹಿಂಬದಿಯಲ್ಲಿ ಗಾಳಿ ಆಡದೆ ಬೂಷ್ಟಿಗೆ ಒಳ್ಳೆಯ ಮನೆಯಾಗುತ್ತದೆ. ಆದ್ದರಿಂದ ಎರಡು ಕೋಣೆಗಳ ನಡುವಿನ ಒಳಗೋಡೆಯನ್ನೇ ಆರಿಸಿ. ಬಚ್ಚಲಿಗೆ ಅಂಟಿದ ಗೋಡೆ ಬೇಡ. ದೇವರ ದೀಪದ ಹತ್ತಿರ, ಅಡುಗೆ ಕೋಣೆಯ ಬಾಗಿಲಿನ ಎದುರು ಸಹ ಬೇಡ; ಮಸಿ ಮತ್ತು ಎಣ್ಣೆಯ ಹಬೆ ಚಿತ್ರದ ಮೇಲೆ ಹಳದಿ ಪೊರೆಯಾಗಿ ಕೂರುತ್ತದೆ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲಿಂದ ಅದನ್ನು ಒರೆಸಿ ತೆಗೆಯಲಾಗದು.

ಜಾಗ ಆರಿಸಿದ ಮೇಲೆ ಒಂದು ಪರೀಕ್ಷೆ. ಆ ಗೋಡೆಗೆ ಒಬ್ಬರು ಕನ್ನಡಿ ಹಿಡಿದು ನಿಲ್ಲಲಿ, ಇನ್ನೊಬ್ಬರು ದಿನಾ ಕೂರುವ ಕುರ್ಚಿಯಲ್ಲಿ ಕೂರಲಿ. ಕನ್ನಡಿಯಲ್ಲಿ ಅಂಗಳವೋ ಕಿಟಕಿಯೋ ಕಂಡರೆ, ಗಾಜು ಹಾಕಿದ ಚಿತ್ರದಲ್ಲಿಯೂ ಅದೇ ಕಾಣುತ್ತದೆ. ನಮ್ಮ ಚಾವಡಿಗಳಿಗೆ ಬೆಳಕು ಬರುವುದು ಎದುರಿನ ಜಗಲಿಯಿಂದ. ಹಾಗಾಗಿ ಬಾಗಿಲಿನ ನೇರ ಎದುರಿನ ಗೋಡೆ, ಎಲ್ಲರೂ ಮೊದಲು ಆರಿಸುವ ಗೋಡೆ, ಗಾಜಿನ ಚಿತ್ರಕ್ಕೆ ಅತ್ಯಂತ ಕೆಟ್ಟದ್ದು. ಅಲ್ಲೇ ಬೇಕೆಂದಾದರೆ ಗಾಜಿಲ್ಲದ ವಿಧಾನವಿದೆ, ಅದನ್ನು ಮುಂದೆ ಹೇಳುತ್ತೇನೆ.

ಅಳತೆಗೆ ಬರೋಣ. ಸೋಫಾದ ಮೇಲೆ ಹಾಕುವ ಚಿತ್ರ ಸೋಫಾದ ಅಗಲದ ಮೂರನೇ ಎರಡು ಪಾಲಿರಬೇಕು. 6 ಅಡಿಯ ಸೋಫಾಕ್ಕೆ 4 ಅಡಿ, ಅಂದರೆ 48 ಇಂಚು. ಈ ಲೆಕ್ಕ ಕೇಳಿ ಬಹಳ ಜನ ಹೆದರಿ 12×18 ಇಂಚಿಗೆ ಇಳಿಯುತ್ತಾರೆ. ಬೆಟ್ಟದ ಚಿತ್ರವನ್ನು ಕ್ಯಾಲೆಂಡರಿನ ಗಾತ್ರದಲ್ಲಿ ದೊಡ್ಡ ಗೋಡೆಯ ನಡುವೆ ಹಾಕಿದರೆ ಬೆಟ್ಟದ ಬೆಟ್ಟತನವೇ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಹಳೆಯ ಪತ್ರಿಕೆಗಳನ್ನು ಜೋಡಿಸಿ ಆ ಅಳತೆಗೆ ಕತ್ತರಿಸಿ, ಅಂಟುಪಟ್ಟಿಯಲ್ಲಿ ಗೋಡೆಗೆ ಹಚ್ಚಿ ಒಂದು ವಾರ ಬಿಡಿ. ಕಣ್ಣು ತಾನೇ ಹೇಳುತ್ತದೆ. ಎತ್ತರದ ವಿಷಯ: ನಿಂತು ನೋಡುವ ಜಾಗದಲ್ಲಿ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಇರಲಿ, ಕೂತೇ ನೋಡುವ ಕೋಣೆಯಲ್ಲಿ 130ರ ಆಸುಪಾಸು ಸಾಕು. ಸೋಫಾದ ಬೆನ್ನಿಗೂ ಚಿತ್ರದ ಕೆಳಅಂಚಿಗೂ 15ರಿಂದ 20 ಸೆಂಟಿಮೀಟರ್ ಅಂತರ. ಹಿರಿಯರ ಫೋಟೋಗಳನ್ನು ಬಾಗಿಲಿನ ಮೇಲೆ ಎತ್ತರದಲ್ಲಿ ಹಾಕುವ ರೂಢಿ ನಮ್ಮಲ್ಲಿದೆ. ಆ ಎತ್ತರದಲ್ಲಿ ಬೆಟ್ಟದ ಚಿತ್ರ ಹಾಕಬೇಡಿ. ಕತ್ತೆತ್ತಿ ನೋಡಿದಾಗ ಚಿತ್ರದೊಳಗಿನ ಕ್ಷಿತಿಜ ಕಣ್ಣಿಗೆ ಸಹಜವಾಗಿ ಸಿಗುವುದಿಲ್ಲ.

48 ಇಂಚು ಅಂದಮೇಲೆ ಕ್ಯಾಮೆರಾ ಸಾಲುತ್ತದೆಯೇ ಎಂಬ ಪ್ರಶ್ನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000×4000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲಿನಂತೆ ಮುದ್ರಿಸಿದರೆ 20 ಇಂಚು ಅಗಲ, 150ರಂತೆ 40 ಇಂಚು, 125ರಂತೆ 48 ಇಂಚು. ಇಂಚಿಗೆ 300 ಇರಲೇಬೇಕೆಂದು ಸ್ಟುಡಿಯೋದವರು ಹೇಳುವುದು ಕೈಯಲ್ಲಿ ಹಿಡಿದು ನೋಡುವ ಆಲ್ಬಮ್ಮಿಗೆ ಸರಿ. ಒಳ್ಳೆಯ ಕಣ್ಣು ಒಂದು ಅಡಿಯಿಂದ ಬಿಡಿಸಿ ನೋಡಬಲ್ಲದ್ದು ಇಂಚಿಗೆ ಸುಮಾರು 290 ಚುಕ್ಕಿ, ಎರಡು ಅಡಿಯಿಂದ ಸುಮಾರು 145, ಎಂಟು ಅಡಿಯಿಂದ ಬರೀ 36. ಸೋಫಾದ ಹಿಂದಿನ ಗೋಡೆಯ ಚಿತ್ರವನ್ನು ಯಾರೂ ಎರಡು ಅಡಿಗಿಂತ ಹತ್ತಿರ ನಿಂತು ನೋಡುವುದು ಕಡಿಮೆ. 125ರಿಂದ 150 ಧಾರಾಳ ಸಾಕು, ಆದರೆ ಒಂದು ಷರತ್ತು: ಚಿತ್ರ ನಿಜವಾಗಿಯೂ ಹರಿತವಾಗಿರಬೇಕು. ಅಲುಗಿದ ಚಿತ್ರಕ್ಕೆ ಪಿಕ್ಸೆಲ್ ಎಷ್ಟಿದ್ದರೂ ಉಪಯೋಗವಿಲ್ಲ.

ಮೊಬೈಲಿನವರಿಗೆ: 12 ಮೆಗಾಪಿಕ್ಸೆಲ್ ಚಿತ್ರ ಸುಮಾರು 4000×3000. 150ರ ಲೆಕ್ಕದಲ್ಲಿ 26 ಇಂಚು ದಕ್ಕುತ್ತದೆ. ಆದರೆ ಬೆರಳಲ್ಲಿ ಎಳೆದು ಎರಡು ಪಟ್ಟು ಜೂಮ್ ಮಾಡಿ, ಅದಕ್ಕೆ ಬೇರೆ ಲೆನ್ಸ್ ಇಲ್ಲದಿದ್ದರೆ, ಪಿಕ್ಸೆಲ್‌ಗಳಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಉಳಿಯುತ್ತದೆ, ಚಿತ್ರ 13 ಇಂಚಿಗೆ ಇಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದ್ದನ್ನೇ ಮುದ್ರಣಕ್ಕೆ ಕೊಟ್ಟರಂತೂ ಇನ್ನೂ ಚಿಕ್ಕದು, ಅಲ್ಲಿ ಉದ್ದದ ಬದಿಯನ್ನೇ ಕುಗ್ಗಿಸಿರುತ್ತದೆ. ಕಳುಹಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಚೌಕಟ್ಟಿನ ಆಕಾರವನ್ನೂ ಈಗಲೇ ತೀರ್ಮಾನಿಸಿ. ಕ್ಯಾಮೆರಾದ ಚಿತ್ರ 3:2, ಮೊಬೈಲಿನದು 4:3. ಅಂಗಡಿಯ ಸಿದ್ಧ ಕಟ್ಟು (ಫ್ರೇಮ್) 16×20 ಇಂಚಿನದಾದರೆ ಅದು 5:4. ಕ್ಯಾಮೆರಾದ ಚಿತ್ರವನ್ನು ಅದಕ್ಕೆ ಕೂರಿಸಿದರೆ ಅಗಲದ ಆರನೇ ಒಂದು ಪಾಲು ಕತ್ತರಿಗೆ ಹೋಗುತ್ತದೆ. ಗುಡ್ಡದ ಸಾಲು ಇಳಿದು ಬಯಲು ಸೇರುವ ತುದಿ ಇರುವುದೇ ಆ ಆರನೇ ಪಾಲಿನಲ್ಲಿ. ಮುದ್ರಣ ಯಂತ್ರದ ಅಗಲವನ್ನೂ ಕೇಳಿಕೊಳ್ಳಿ: ಚಿತ್ರದ ಚಿಕ್ಕ ಬದಿ 24 ಇಂಚು ಮೀರಿದರೆ 44 ಇಂಚಿನ ಯಂತ್ರ ಬೇಕಾಗುತ್ತದೆ, ಅದು ಎಲ್ಲ ಊರಲ್ಲಿ ಇರುವುದಿಲ್ಲ.

ಇನ್ನು ಬೆಟ್ಟ. ಸ್ವಿಟ್ಜರ್ಲೆಂಡಿನ ಹಿಮಶಿಖರದ ಪೋಸ್ಟರು ಎಲ್ಲ ಕಡೆ ಸಿಗುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಮನೆಯ ಗೋಡೆಗೆ ನಮ್ಮ ಘಟ್ಟವೇ ಚಂದ ಎಂದು ನಾನು ಬಲವಾಗಿ ನಂಬಿದ್ದೇನೆ. ಪೊಸಡಿಗುಂಪೆ ಗುಡ್ಡೆಯ ಮೇಲೆ ನಿಂತರೆ ಪೂರ್ವಕ್ಕೆ ಘಟ್ಟದ ಸಾಲು, ಪಶ್ಚಿಮಕ್ಕೆ ಸಮುದ್ರ. ಪನತ್ತಡಿಯ ಕಡೆಯ ರಾಣಿಪುರದಲ್ಲಿ ಬೆಟ್ಟದ ಮಡಿಕೆಯ ಶೋಲಾ ಕಾಡು ದಾಟಿ ಹುಲ್ಲುಗಾವಲಿನ ನೆತ್ತಿ, ಎತ್ತರ 1,000 ಮೀಟರಿಗೂ ಮೇಲೆ. ಗಡಿಯಾಚೆ ಕೊಡಗಿನ ತಡಿಯಂಡಮೋಳ್ 1,748 ಮೀಟರ್, ಸುಬ್ರಹ್ಮಣ್ಯದ ಮೇಲಿನ ಕುಮಾರ ಪರ್ವತ 1,712 ಮೀಟರ್. ಇವುಗಳಲ್ಲಿ ಹಿಮ ಇಲ್ಲ, ಚೂಪು ಕೋಡುಗಳು ಕಡಿಮೆ. ಇರುವುದು ಒಂದರ ಹಿಂದೊಂದು ಮಡಿಕೆ ಮಡಿಕೆಯಾಗಿ ನಿಂತ ಸಾಲುಗಳು. ಆದ್ದರಿಂದ ಹಿಮಾಲಯದ ಚಿತ್ರ ತೆಗೆಯುವ ಕ್ರಮ ಇಲ್ಲಿ ಹೊಂದುವುದಿಲ್ಲ.

ನಮ್ಮ ಸಾಲುಗಳಿಗೆ ಅಗಲ ನೋಟದ (ವೈಡ್) ಲೆನ್ಸ್ ಶತ್ರು. 18 ಅಥವಾ 24 ಮಿಲಿಮೀಟರಿನಲ್ಲಿ ತೆಗೆದರೆ ಘಟ್ಟ ದೂರದ ತೆಳು ಗೆರೆಯಾಗುತ್ತದೆ, ಮುಂದಿನ ಹುಲ್ಲೇ ಅರ್ಧ ಚಿತ್ರ ತಿನ್ನುತ್ತದೆ. ದೂರದ್ದನ್ನು ಹತ್ತಿರ ತರುವ 70ರಿಂದ 200 ಮಿಲಿಮೀಟರ್ ಲೆನ್ಸ್ ಬಳಸಿ, ಮೂರೋ ಐದೋ ಪದರಗಳನ್ನು ಒಟ್ಟಿಗೆ ಹಿಡಿಯಿರಿ. ಅದಕ್ಕಿಂತ ಅಗಲ ಬೇಕೆಂದಾದರೆ ಅದೇ ಲೆನ್ಸಿನಲ್ಲಿ ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ, ಪ್ರತಿ ಚಿತ್ರವೂ ಹಿಂದಿನದರ ಮೇಲೆ ಮೂರನೇ ಒಂದು ಪಾಲು ಬರುವಂತೆ ಐದಾರು ಚಿತ್ರ ತೆಗೆದು ಜೋಡಿಸಿ. ಆಗ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಕೈಯಲ್ಲೇ ಕಟ್ಟಿಡಬೇಕು. ಒಂದನ್ನು ಕ್ಯಾಮೆರಾಕ್ಕೆ ಬಿಟ್ಟರೂ ಜೋಡಿಸಿದ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಈ ಜೋಡಣೆಯಿಂದ ಪಿಕ್ಸೆಲ್ ಕೂಡ ಹೆಚ್ಚು ಸಿಗುತ್ತದೆ, 48 ಇಂಚಿನ ಗೋಡೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೆಳಕಿನ ದಿಕ್ಕು ಸರಿಯಾಗಿ ತಿಳಿಯಿರಿ. ನಾವು ಘಟ್ಟದ ಪಶ್ಚಿಮಕ್ಕಿದ್ದೇವೆ. ಬೆಳಿಗ್ಗೆ ಸೂರ್ಯ ಘಟ್ಟದ ಹಿಂದಿನಿಂದ ಬರುತ್ತಾನೆ, ಸಾಲುಗಳು ಬಣ್ಣವಿಲ್ಲದ ನೆರಳು ಪದರಗಳಾಗುತ್ತವೆ, ನಡುವಿನ ಕಣಿವೆಯ ಮಂಜು ಹೊಳೆಯುತ್ತದೆ. ಸಂಜೆ ಸಮುದ್ರದ ಕಡೆಯ ಬೆಳಕು ನೇರ ಘಟ್ಟದ ಮುಖಕ್ಕೆ ಬಿದ್ದು ಬಂಡೆ, ಹುಲ್ಲು, ತೊರೆಯ ಜಾಡು ಎಲ್ಲ ಬಿಡಿಸಿ ಕಾಣುತ್ತವೆ. ಉದಯದ ದಿಕ್ಕೂ ವರ್ಷವಿಡೀ ಸರಿಯುತ್ತದೆ: ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಯಾವ ತಿಂಗಳು ಯಾವ ಶಿಖರದ ಹಿಂದೆ ಸೂರ್ಯ ಏಳುತ್ತಾನೆಂದು ನಕ್ಷೆಯಲ್ಲಿ ಗೆರೆ ಎಳೆದು ನೋಡಿಕೊಂಡೇ ಹೋಗಿ.

ತಿಂಗಳ ಆಯ್ಕೆ ಇನ್ನೂ ಮುಖ್ಯ. ಮಳೆ ಗಾಳಿಯ ಧೂಳನ್ನು ತೊಳೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ, ದೂರದ ಸಾಲುಗಳು ನಿಜವಾದ ನೀಲಿಯಲ್ಲಿ ಕಾಣುತ್ತವೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಆ ನೀಲಿ. ಫೆಬ್ರವರಿ ಕಳೆದರೆ ಧೂಳು, ಹೊಗೆ, ಪಸೆಯ ದೊಡ್ಡ ಕಣಗಳು ಎಲ್ಲ ಬಣ್ಣವನ್ನೂ ಒಂದೇ ತರ ಚದುರಿಸಿ ಬಿಳಿ ಮಬ್ಬು ಕವಿಯುತ್ತದೆ. ಆ ಮಬ್ಬನ್ನು ಸಾಫ್ಟ್‌ವೇರಿನ ಡೀಹೇಜ್ ಗುಂಡಿಯಿಂದ ತೆಗೆಯಲು ಹೊರಟರೆ ದೂರದ ಸಾಲಿನ ಅಂಚಿನಲ್ಲಿ ಕಪ್ಪು ಬರೆ, ಆಕಾಶದಲ್ಲಿ ಕಾಳು ಕಾಣಿಸುತ್ತದೆ. ಪರದೆಯಲ್ಲಿ ಅದು ಗೊತ್ತಾಗುವುದಿಲ್ಲ, ನಾಲ್ಕು ಅಡಿಯ ಮುದ್ರಣದಲ್ಲಿ ಎದ್ದು ಕಾಣುತ್ತದೆ.

ಕ್ಯಾಮೆರಾದ ಹೊಂದಿಕೆ ಬೇಗ ಹೇಳುತ್ತೇನೆ. ಟ್ರೈಪಾಡ್ ಮೇಲೆ, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಲೆನ್ಸಿನ ಕಿಂಡಿ ಎಫ್ 8 ಅಥವಾ ಎಫ್ 11. ಎಫ್ 16 ದಾಟಿದರೆ ಬೆಳಕು ಕಿರಿದಾದ ಕಿಂಡಿಯಲ್ಲಿ ಬಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಟ್ರೈಪಾಡ್ ಮೇಲೆ ಆಫ್ ಇರಲಿ, 2 ಸೆಕೆಂಡಿನ ಟೈಮರ್ ಇರಲಿ. ಪರದೆಯಲ್ಲಿ ದೊಡ್ಡದು ಮಾಡಿ ದೂರದ ಮರದ ಅಂಚಿಗೆ ಕೈಯಿಂದ ಫೋಕಸ್ ಮಾಡಿ. ಕಡತ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲರೂಪದಲ್ಲಿ, ಇರಲಿ. ಮಂಜಿನಲ್ಲಿ ಕ್ಯಾಮೆರಾ ಮಂಜನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ, ಎಕ್ಸ್‌ಪೋಶರನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಏರಿಸಿ. ಆದರೆ ಹಿಸ್ಟೋಗ್ರಾಮಿನ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯ, ದಿಬ್ಬ ಬಲ ಅಂಚಿಗೆ ಮುಟ್ಟಬಾರದು. ಮುಟ್ಟಿದ ಜಾಗದಲ್ಲಿ ಶಾಯಿಯೇ ಬೀಳುವುದಿಲ್ಲ, ಬರೀ ಕಾಗದ ಕಾಣುತ್ತದೆ. ಹವಾನಿಯಂತ್ರಿತ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮನೆಯಲ್ಲಿ ಲೆನ್ಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇ. 40ರಿಂದ 50ರೊಳಗೆ ಇರುವಂತೆ ಇಡಬೇಕು. ನಮ್ಮ ಮಳೆಗಾಲದಲ್ಲಿ ಅಲ್ಮಾರಿಯ ಚರ್ಮದ ಚೀಲವೆಂದರೆ ಲೆನ್ಸಿಗೆ ಬೂಷ್ಟು ಖಚಿತ.

ಹಸಿರಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗೋಡೆಯ ಮೇಲೆ ಸೋಲುವ ನಮ್ಮ ಚಿತ್ರಗಳು ಹೆಚ್ಚಾಗಿ ಇದರಿಂದಲೇ ಸೋಲುತ್ತವೆ. ಮಳೆಗಾಲದ ಹುಲ್ಲಿನ ಹಸಿರು ಮೊಬೈಲ್ ಪರದೆಯಲ್ಲಿ ಬೆಂಕಿಯಂತೆ ಉರಿಯುತ್ತದೆ. ಆ ಹಸಿರನ್ನು ಕಾಗದದ ಶಾಯಿ ಕೊಡಲಾರದು, ಮ್ಯಾಟ್ ಕಾಗದವಂತೂ ಖಂಡಿತ ಕೊಡಲಾರದು. ಅಲ್ಲಿ ಹತ್ತು ಬಗೆಯ ಹಸಿರು ಸೇರಿ ಒಂದೇ ಚಪ್ಪಟೆ ತೇಪೆಯಾಗುತ್ತದೆ. ಮೇಲಾಗಿ ಕಾವಿ ನೆಲದ ಕೋಣೆಯಲ್ಲಿ ಕಡುಹಸಿರು ನೆಲದ ಕೆಂಪಿನೊಡನೆ ಜಗಳಾಡುತ್ತದೆ. ಹಸಿರಿನ ಗಾಢತೆಯನ್ನು ಕಾಲು ಪಾಲು ಇಳಿಸಿ, ಛಾಯೆಯನ್ನು ಸ್ವಲ್ಪ ಹಳದಿಯತ್ತ ತಿರುಗಿಸಿ. ಕಾವಿ ನೆಲಕ್ಕೆ ನನ್ನ ಮೊದಲ ಆಯ್ಕೆ ಅಕ್ಟೋಬರದ ನೀಲಿ ಪದರಗಳು, ಎರಡನೆಯದು ಕಪ್ಪುಬಿಳುಪು. ಕಿತ್ತಳೆ ಬಣ್ಣದ ಸೂರ್ಯಾಸ್ತ ಬೇಗ ಬೇಸರ ತರುತ್ತದೆ. ದಿನಾ ನೋಡುವ ಗೋಡೆಗೆ ಮೆತ್ತಗಿನ ಚಿತ್ರವೇ ಬಾಳುತ್ತದೆ.

ಮುದ್ರಣಕ್ಕೆ ಕೊಡುವ ಮೊದಲು ಪರದೆಯ ಬೆಳಕು ತಗ್ಗಿಸಿ. ಮುದ್ರಣ ತುಂಬಾ ಕಪ್ಪಾಗಿ ಬಂತು ಎಂಬ ದೂರಿಗೆ ಕಾರಣ ಹೆಚ್ಚಾಗಿ ಯಂತ್ರವಲ್ಲ, ಕಣ್ಣು ಕುಕ್ಕುವ ಪರದೆಯಲ್ಲಿ ಚಿತ್ರ ತಿದ್ದಿರುವುದು. ಪರದೆಯ ಪಕ್ಕ ಬಿಳಿ ಹಾಳೆ ಇಟ್ಟು, ಕೋಣೆಯ ಬೆಳಕಿನಲ್ಲಿ ಎರಡರ ಬಿಳುಪು ಸಮಾನವಾಗುವವರೆಗೆ ಪರದೆಯನ್ನು ಇಳಿಸಿ. ಕಡತವನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಪದ್ಧತಿಯಲ್ಲಿ ಕೊಡಿ. ಬೇರೆ ಬಣ್ಣಪದ್ಧತಿ ತಾವು ನಿಭಾಯಿಸುತ್ತೇವೆಂದು ಮುದ್ರಕರೇ ಹೇಳಿದರೆ ಮಾತ್ರ ಬದಲಿಸಿ. ಮಂಜು, ಆಕಾಶದ ನಯವಾದ ಭಾಗಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬೀಳುವುದನ್ನು ತಡೆಯಲು ಬಣ್ಣದ ಹಂತಗಳು ಹೆಚ್ಚಿರುವ 16 ಬಿಟ್‌ನಲ್ಲೇ ತಿದ್ದಿ, ಕೊನೆಗೆ ಚೂರು ಗ್ರೇನ್ (ನವಿರಾದ ಕಾಳು) ಸೇರಿಸಿ. ಆಮೇಲೆ ನೇರವಾಗಿ 48 ಇಂಚಿಗೆ ಹಾರಬೇಡಿ. ಪೂರ್ಣ ಗಾತ್ರದ ಚಿತ್ರದಿಂದ ಎ4 ಅಳತೆಯ ಒಂದು ತುಂಡು, ಹತ್ತಿರದ ಕಪ್ಪು ಸಾಲು ಮತ್ತು ಮಂಜು ಎರಡೂ ಇರುವ ಭಾಗ, ಅದೇ ಕಾಗದದಲ್ಲಿ ಮುದ್ರಿಸಿಕೊಂಡು ಆ ಗೋಡೆಯ ಮೇಲೆಯೇ ಹಗಲು ಒಮ್ಮೆ, ರಾತ್ರಿ ಒಮ್ಮೆ ನೋಡಿ. ಹಳದಿ ಬೆಳಕಿನ ಬಲ್ಬಿನಡಿ ನೀಲಿ ಪದರಗಳು ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಬೆಳಕಿನ ಬಣ್ಣ 4000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆಂಬ ಅಂಕ) 90ರ ಮೇಲಿನ ಬಲ್ಬು ಹಾಕಿದರೆ ಅದೇ ಚಿತ್ರ ಜೀವ ಪಡೆಯುತ್ತದೆ.

ಕಾಗದ ಮತ್ತು ಕಟ್ಟು. ಹತ್ತಿಯ ನಾರಿನ ದುಬಾರಿ ಮ್ಯಾಟ್ ಕಾಗದ ಒಣ ಹವೆಯ ಊರಲ್ಲಿ ರಾಜನಂತೆ ಬಾಳುತ್ತದೆ. ನಮ್ಮಲ್ಲಿ ಅದು ತೇವ ಹೀರಿ ಅಲೆಯಲೆಯಾಗುತ್ತದೆ, ಕಂದು ಚುಕ್ಕಿ ಏಳುತ್ತದೆ. ಎರಡೂ ಮೈಗೆ ಪ್ಲಾಸ್ಟಿಕ್ ಲೇಪವಿರುವ ಅರೆಹೊಳಪಿನ ಲಸ್ಟರ್ ಕಾಗದ, ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ, ಇದು ಕರಾವಳಿಗೆ ಸರಿಯಾದ ಜೋಡಿ. ಬಣ್ಣ ಕರಗಿರುವ ಡೈ ಶಾಯಿ ಬೆಳಕಿಗೂ ತೆರೆದ ಗಾಳಿಗೂ ಬೇಗ ಮಾಸುತ್ತದೆ. ಕ್ಯಾನ್ವಾಸ್ ಮಳೆಗಾಲದಲ್ಲಿ ಸಡಿಲಾಗಿ ಜೋಲುತ್ತದೆ. ಮಾಡಿಸಿದರೆ ಮೂಲೆಗಳಲ್ಲಿ ಬೆಣೆ ಬಡಿದು ಬಿಗಿಮಾಡುವ ಚೌಕಟ್ಟೇ ಇರಲಿ, ಮಡಚಲು ಸುತ್ತ 2 ಇಂಚು ಹೆಚ್ಚುವರಿ ಚಿತ್ರ ಬಿಡಿ.

ಚಿಕ್ಕ ಚಿತ್ರಕ್ಕೆ, 16×24 ಇಂಚಿನವರೆಗೆ, ಗಾಜು ಹಾಕಿದ ಕಟ್ಟು ಒಳ್ಳೆಯದು. ಆದರೆ ಗಾಜು ಚಿತ್ರಕ್ಕೆ ಮುಟ್ಟಲೇಬಾರದು. ತೇವ ಹೆಚ್ಚಾದಾಗ ಕಾಗದದ ಲೇಪ ಮೆತ್ತಗಾಗಿ ಗಾಜಿಗೆ ಅಂಟಿ, ಆಮೇಲೆ ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಹಳೆಯ ಮದುವೆ ಫೋಟೋಗಳಲ್ಲಿ ಇದನ್ನು ನೀವೆಲ್ಲ ನೋಡಿದ್ದೀರಿ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್, ಅಂದರೆ ಕಿಂಡಿ ಕತ್ತರಿಸಿದ ದಪ್ಪ ರಟ್ಟು, ಸುತ್ತ ಎರಡೂವರೆ ಇಂಚು ಅಗಲ ಬರಲಿ. ಚಿತ್ರವನ್ನು ಹಿಂಬದಿ ಹಲಗೆಗೆ ಫೆವಿಕಾಲ್ ಬಳಿದು ಪೂರ್ತಿ ಅಂಟಿಸಲು ಬಿಡಬೇಡಿ, ನಾಲ್ಕೂ ಬದಿಗೆ ಟೇಪು ಹಾಕಲೂ ಬಿಡಬೇಡಿ. ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಆಮ್ಲರಹಿತ ಟೇಪಿನಿಂದ ತೂಗುಬಿಟ್ಟರೆ ಕಾಗದ ಹಿಗ್ಗಲು ಜಾಗ ಸಿಗುತ್ತದೆ, ಸುಕ್ಕು ಬೀಳುವುದಿಲ್ಲ. ಹಿಂಬದಿಗೆ ಎಂಡಿಎಫ್ (ಮರದ ನಾರು ಒತ್ತಿದ ಹಲಗೆ) ಬೇಡ, ಅದು ತೇವಕ್ಕೆ ಊದುತ್ತದೆ.

ದೊಡ್ಡ ಚಿತ್ರಕ್ಕೆ ಗಾಜು ಬಿಟ್ಟುಬಿಡಿ. ಒಂದು ಚದರ ಮೀಟರ್ ವಿಸ್ತಾರಕ್ಕೆ 3 ಮಿಲಿಮೀಟರ್ ಗಾಜೇ ಏಳೂವರೆ ಕಿಲೋ, ಕಟ್ಟು ಹಲಗೆ ಸೇರಿ 12 ಕಿಲೋ ಮುಟ್ಟುತ್ತದೆ. ಅದೇ ದಪ್ಪದ ಅಕ್ರಿಲಿಕ್ ಮೂರೂವರೆ ಕಿಲೋ ಚಿಲ್ಲರೆ, ಆದರೆ ಅದಕ್ಕೂ ಪ್ರತಿಫಲನದ ತೊಂದರೆ ಇದ್ದೇ ಇದೆ. ನಾನು ಹೇಳುವುದು ಹೀಗೆ: ಲಸ್ಟರ್ ಕಾಗದದ ಚಿತ್ರವನ್ನು 3 ಮಿಲಿಮೀಟರಿನ ಎಸಿಪಿ ಹಾಳೆಗೆ, ಅಂಗಡಿಗಳ ಮುಂಭಾಗಕ್ಕೆ ಹೊದಿಸುವ ಅದೇ ಅಲ್ಯೂಮಿನಿಯಂ ಹಾಳೆಗೆ, ಬಿಸಿ ಮಾಡದೆ ಒತ್ತುವ ಕೋಲ್ಡ್ ಲ್ಯಾಮಿನೇಶನ್ ಯಂತ್ರದಲ್ಲಿ ಅಂಟಿಸಿ, ಮೇಲೆ ಮ್ಯಾಟ್ ಪೊರೆ ಹಾಕಿಸಿ. ಊದುವುದಿಲ್ಲ, ಬಾಗುವುದಿಲ್ಲ, ಒರಲೆ ಹತ್ತುವುದಿಲ್ಲ, ಬಾಗಿಲಿನ ಎದುರು ಹಾಕಿದರೂ ಹೊಳೆಯುವುದಿಲ್ಲ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಅಗ್ಗವೆಂದು ಆರಿಸಿದರೆ ಒಂದು ಮಳೆಗಾಲಕ್ಕೆ ಬಿಲ್ಲಿನಂತೆ ಬಾಗುತ್ತದೆ.

ತೂಗುಹಾಕುವಾಗ ಗಾರೆಯನ್ನು ನಂಬಬೇಡಿ. ಗಾರೆಯ ದಪ್ಪ 12ರಿಂದ 15 ಮಿಲಿಮೀಟರ್ ಅಷ್ಟೇ, ಭಾರ ಹೊರುವುದು ಒಳಗಿನ ಕಲ್ಲು. 8 ಮಿಲಿಮೀಟರ್ ಬಿಟ್ಟಿನಲ್ಲಿ ಕೊರೆದು 50 ಮಿಲಿಮೀಟರ್ ಪ್ಲಗ್, 60 ಮಿಲಿಮೀಟರ್ ಸ್ಕ್ರೂ ಹಾಕಿ. ಮುರಕಲ್ಲಿನಲ್ಲಿ ಪೊಳ್ಳು ಇರುತ್ತದೆ. ಪ್ಲಗ್ ಒಳಗೆ ಸುಮ್ಮನೆ ತಿರುಗಿದರೆ ರಂಧ್ರಕ್ಕೆ ಗಟ್ಟಿ ಸಿಮೆಂಟ್ ತುಂಬಿ, ಎರಡು ದಿನ ಬಿಟ್ಟು ಮತ್ತೆ ಕೊರೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ, ವಯರು ಅಲ್ಲೇ ಹೋಗಿರುತ್ತದೆ. ಒಂದು ಸ್ಕ್ರೂ ಬದಲು ಎರಡು ಹಾಕಿದರೆ ಚಿತ್ರ ವಾಲುವುದಿಲ್ಲ. ಚಿತ್ರದ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಗೂ ಚಿತ್ರಕ್ಕೂ ಕನಿಷ್ಠ 1 ಸೆಂಟಿಮೀಟರ್ ಗಾಳಿಯ ಜಾಗ ಉಳಿಸಿ.

ಮಳೆಯ ಆಟಿ ತಿಂಗಳು ಕಳೆದು ಬಿಸಿಲು ಬಂದ ಮೇಲೆ ಚಿತ್ರವನ್ನು ಕೆಳಗಿಳಿಸಿ ಹಿಂಬದಿ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಅರ್ಧ ದಿನ ಗಾಳಿಗೆ ಬಿಟ್ಟು ಮತ್ತೆ ಹಾಕಿ. ನೇರ ಬಿಸಿಲಿಗೆ ಒಡ್ಡಬೇಡಿ. ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ಸ್ಥಳ, ನೋಡಿದ ದಿಕ್ಕು, ತಿಂಗಳು, ವರ್ಷ, ಕಾಗದ, ಶಾಯಿ, ಕಡತದ ಹೆಸರು ಬರೆದಿಡಿ. ಮುಂದೆ ಮತ್ತೆ ಮುದ್ರಿಸಬೇಕಾದಾಗ ಮನೆಯಲ್ಲಿ ಯಾರಾದರೂ ಅದನ್ನು ಓದಿಯೇ ಕೆಲಸ ಶುರು ಮಾಡಬಹುದು.